ಸೊನ್ನೆ ಎಂಟು ಒಂದು ಎಂಟು ಎರಡು

ಶಿವಮೊಗ್ಗದ ಕಡೆಯವರಲ್ಲಿ ನಲವತ್ತು ದಾಟಿದ ಯಾರ ಮುಂದಾದರೂ ಈ ಐದು ಅಂಕಿಗಳನ್ನು ಹೇಳಿ ನೋಡಿ, ಊರಿನ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ. ಬೇರೆ ಊರಿಗೆ ಫೋನು ಮಾಡುವಾಗ ಮೊದಲು ಒತ್ತುವ ಎಸ್‌ಟಿಡಿ ಕೋಡುಗಳಿವು: ತೀರ್ಥಹಳ್ಳಿಗೆ 08181, ಶಿವಮೊಗ್ಗಕ್ಕೆ 08182, ಸಾಗರಕ್ಕೆ 08183, ಸೊರಬಕ್ಕೆ 08184, ಹೊಸನಗರಕ್ಕೆ 08185, ಶಿಕಾರಿಪುರಕ್ಕೆ 08187, ಹೊನ್ನಾಳಿಗೆ 08188, ಚನ್ನಗಿರಿಗೆ 08189. ಮಗ್ಗಿ ಒಪ್ಪಿಸಿದಂತೆ ಇವನ್ನು ಒಪ್ಪಿಸುವವರು ನಮ್ಮ ಬಳಗದಲ್ಲಿ ಈಗಲೂ ಇದ್ದಾರೆ. ಸೊರಬದಲ್ಲಿ ಸೋದರತ್ತೆ, ಸಾಗರದಲ್ಲಿ ದೊಡ್ಡಪ್ಪ, ಹೊನ್ನಾಳಿಯಲ್ಲಿ ಅಕ್ಕನನ್ನು ಕೊಟ್ಟ ಮನೆ. ಯಾವ ಊರಿಗೆ ಯಾವ ಅಂಕಿ ಎನ್ನುವುದು ನಮಗೆ ನೆಂಟಸ್ತಿಕೆಯ ಜೊತೆಗೇ ಬಾಯಿಗೆ ಬಂದದ್ದು. ಯಾರೂ ಕೂತು ಉರುಹೊಡೆದವರಲ್ಲ.

ನನಗೆ ಈ ಅಂಕಿಗಳ ಮೇಲೆ ಪ್ರೀತಿ. ಟೆಲಿಫೋನ್ ಇಲಾಖೆಯ ಕಡತದಲ್ಲಿ ಹುಟ್ಟಿದರೂ ಇವು ಬಾಳಿದ್ದು ಮದುವೆಯ ಕರೆಯೋಲೆಯಲ್ಲಿ, ಅಂಗಡಿಯ ಬೋರ್ಡಿನಲ್ಲಿ, ಅಡಿಕೆ ಮಂಡಿಯ ಬಿಲ್ಲಿನ ತಲೆಯಲ್ಲಿ. ಆಗ ಫೋನು ಮಾಡುವುದೆಂದರೆ ಮೊದಲು ಊರನ್ನು ಕರೆಯುವುದು, ಆಮೇಲೆ ಮನೆಯನ್ನು ಕರೆಯುವುದು, ಕೊನೆಗೆ ಮನೆಯೊಳಗಿನ ಮನುಷ್ಯರನ್ನು ಕರೆಯುವುದು. ಎತ್ತಿಕೊಂಡವರು ಅಜ್ಜಿಯಾದರೆ ಅವರ ಮಂಡಿನೋವು ವಿಚಾರಿಸಿ, ಮಗುವಾದರೆ ಎಷ್ಟನೇ ಕ್ಲಾಸು ಎಂದು ಕೇಳಿ, ಆಮೇಲೆಯೇ ನಮಗೆ ಬೇಕಾದವರ ದನಿ. ಈಗ ಹತ್ತು ಅಂಕಿ ಒತ್ತಿದರೆ ನೆಟ್ಟಗೆ ಒಬ್ಬರ ಜೇಬಿನಲ್ಲಿ ಗಂಟೆ ಬಾರಿಸುತ್ತದೆ. ಅದರ ಸಲೀಸನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ ಆ ಹತ್ತು ಅಂಕಿಗಳಲ್ಲಿ ಊರೂ ಇಲ್ಲ, ಮನೆಯೂ ಇಲ್ಲ. ಇದನ್ನು ಸಣ್ಣ ನಷ್ಟವೆಂದು ಹೇಳಲು ನನ್ನಿಂದಾಗದು.

ಎಸ್‌ಟಿಡಿ ಕೋಡುಗಳ ಹಿಂದೆ ಇರುವುದು ಇಂಜಿನಿಯರುಗಳು ಬರೆದ ಒಂದು ನಕ್ಷೆ. ಯಾವ ಊರಿನ ಎಕ್ಸ್‌ಚೇಂಜು ಯಾವ ದೊಡ್ಡ ಎಕ್ಸ್‌ಚೇಂಜಿಗೆ ಜೋಡಣೆಯಾಗಿದೆ ಎಂಬುದೇ ಅದರ ಆಧಾರ. ಇಡೀ ದೇಶಕ್ಕೆ 322 ದೊಡ್ಡ ವಲಯಗಳು. ಅವುಗಳ ಒಳಗೆ ಸುಮಾರಾಗಿ ತಾಲ್ಲೂಕಿನಷ್ಟಗಲದ ಚಿಕ್ಕ ವಲಯಗಳು ಎರಡೂವರೆ ಸಾವಿರಕ್ಕೂ ಮಿಕ್ಕು. ಶಿವಮೊಗ್ಗದ ಸುತ್ತಿನ ವಲಯಕ್ಕೆ 818 ಗುರುತು, ಕೊನೆಯ ಅಂಕಿ ತಾಲ್ಲೂಕಿನದು. ಕೊಪ್ಪ ಮತ್ತು ಶೃಂಗೇರಿ ಎರಡು ತಾಲ್ಲೂಕಾದರೂ ಹಂಚಿಕೊಂಡದ್ದು ಒಂದೇ 08265. ಕಾರ್ಕಳ, ಮೂಡುಬಿದಿರೆಗಳಿಗೂ ಹೀಗೆಯೇ ಒಂದೇ 08258. ಬೆಳಗಾವಿ 0831 ಆದರೆ ಅದರ ಮಗ್ಗುಲಿನ 0832 ಗೋವಾ. ಕನ್ನಡದ ಮನೆಗಳು ತುಂಬಿರುವ ಕಾಸರಗೋಡಿಗೆ 04994; ಮಂಗಳೂರಿನ 0824ಕ್ಕೂ ಅದಕ್ಕೂ ಅಂಕಿಯಲ್ಲಿ ಯಾವ ನಂಟೂ ಇಲ್ಲ, ನೆಂಟರು ಮಾತ್ರ ಎರಡೂ ಕಡೆ ಇದ್ದಾರೆ.

ಈ ನಕ್ಷೆಗೆ ಒಂದು ಹಠವಿದೆ, ಅದು ನನಗೆ ತುಂಬ ಹಿಡಿಸಿದ ಸಂಗತಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗವನ್ನು ಬಿಟ್ಟು ಆ ಕಡೆ ಸೇರಿದವು. ಕಚೇರಿಗಳ ಬೋರ್ಡು ಬದಲಾಯಿತು, ಪಹಣಿಯ ತಲೆಬರಹ ಬದಲಾಯಿತು, ಜಿಲ್ಲಾಧಿಕಾರಿಗೆ ಅರ್ಜಿ ಹಿಡಿದು ಹೋಗುವ ದಾರಿಯೂ ಬದಲಾಯಿತು. ದಾವಣಗೆರೆಯ ಕೋಡು 08192. ಹೊನ್ನಾಳಿ, ಚನ್ನಗಿರಿಗಳು ಮಾತ್ರ 08188, 08189 ಆಗಿಯೇ ಉಳಿದು ಶಿವಮೊಗ್ಗದ ಸಾಲಿನಲ್ಲೇ ನಿಂತಿವೆ. ಅದೇ ವರ್ಷ ಉಡುಪಿಯೂ ದಕ್ಷಿಣ ಕನ್ನಡದಿಂದ ಬೇರೆ ಜಿಲ್ಲೆಯಾಯಿತು. ಆದರೆ ಕುಂದಾಪುರದ 08254, ಕಾರ್ಕಳದ 08258 ಇವತ್ತಿಗೂ ಪುತ್ತೂರಿನ 08251, ಬೆಳ್ತಂಗಡಿಯ 08256, ಸುಳ್ಯದ 08257ರ ಒಡಹುಟ್ಟುಗಳೇ. ಅವಿಭಜಿತ ದಕ್ಷಿಣ ಕನ್ನಡ ಹೇಗಿತ್ತು ಎಂದು ಮಕ್ಕಳಿಗೆ ತೋರಿಸಬೇಕೆಂದರೆ ಹಳೆಯ ಟೆಲಿಫೋನ್ ಡೈರೆಕ್ಟರಿಯ ಒಂದು ಪುಟ ಸಾಕು.

ಇನ್ನು ಸೊನ್ನೆಯ ವಿಚಾರ. ಬೆರಳು ತೂರಿಸಿ ತಿರುಗಿಸುವ ಡಯಲಿನ ಫೋನು ಬಳಸಿದವರಿಗೆ ಇದು ಬೆರಳಿಗೇ ಗೊತ್ತು. ತಿರುಗಿಸಿ ಬಿಟ್ಟ ಡಯಲು ಕರಕರ ಎನ್ನುತ್ತ ಹಿಂದಿರುಗುವಾಗ ತಂತಿಯಲ್ಲಿ ಮಿಡಿತಗಳು ಹೋಗುತ್ತಿದ್ದವು. ಒಂದಕ್ಕೆ ಒಂದು ಮಿಡಿತ, ಒಂಬತ್ತಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ಸೆಕೆಂಡಿಗೆ ಸುಮಾರು ಹತ್ತು ಮಿಡಿತ. ಎಕ್ಸ್‌ಚೇಂಜಿನ ಯಂತ್ರ ಆ ಮಿಡಿತಗಳನ್ನು ಎಣಿಸಿ ಒಂದೊಂದೇ ಮೆಟ್ಟಿಲು ಹತ್ತಿ ದಾರಿ ಬಿಡುತ್ತಿತ್ತು. ಕೂತು ಲೆಕ್ಕ ಹಾಕಿದರೆ ದೆಹಲಿಯ 011ಕ್ಕೆ ಹನ್ನೆರಡು ಮಿಡಿತ, ಮುಂಬೈಯ 022ಕ್ಕೆ ಹದಿನಾಲ್ಕು, ಕೊಲ್ಕತ್ತದ 033ಕ್ಕೆ ಹದಿನಾರು, ಚೆನ್ನೈಯ 044ಕ್ಕೆ ಹದಿನೆಂಟು. ನಮ್ಮ ಶಿವಮೊಗ್ಗಕ್ಕೆ ಇಪ್ಪತ್ತೊಂಬತ್ತು, ಚನ್ನಗಿರಿಗೆ ಮೂವತ್ತಾರು, ಉತ್ತರ ಕನ್ನಡದ ಸಿದ್ದಾಪುರಕ್ಕೆ ಮೂವತ್ತೆಂಟು. 1947ರಲ್ಲಿ ಅಮೆರಿಕದವರು ಮೊದಲ ಸಲ ಪ್ರದೇಶಗಳಿಗೆ ಸಂಕೇತ ಹಂಚಿದಾಗ ಹೆಚ್ಚು ಕರೆ ಬರುವ ನ್ಯೂಯಾರ್ಕಿಗೆ 212 ಕೊಟ್ಟದ್ದು ಡಯಲು ಬೇಗ ಮುಗಿಯಲೆಂದೇ. ಅಲ್ಲಿಗೆ ಐದೇ ಮಿಡಿತ. ದೊಡ್ಡ ಊರಿಗೆ ಬೆರಳು ಬೇಗ ಮುಟ್ಟುತ್ತದೆ, ಸಣ್ಣ ಊರಿನವರು ಕಾಯಬೇಕು. ಯಂತ್ರದ ದೃಷ್ಟಿಯಿಂದ ಇದು ನ್ಯಾಯವೇ. ಆದರೂ ಸಿದ್ದಾಪುರಕ್ಕೆ ಫೋನು ಮಾಡುವ ತಾಯಿಯ ಬೆರಳಿಗೆ ಹೆಚ್ಚು ಕೆಲಸ ಬಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ.

ದೇಶಗಳಿಗೂ ಹೀಗೆಯೇ ಅಂಕಿ ಹಂಚಿದ್ದಾರೆ. ಭೂಮಿಯನ್ನು ಒಂಬತ್ತು ವಲಯ ಮಾಡಿ, ಒಂಬತ್ತನೆಯ ವಲಯದಲ್ಲಿ ನಮಗೆ 91, ಪಾಕಿಸ್ತಾನಕ್ಕೆ 92, ಶ್ರೀಲಂಕಾಕ್ಕೆ 94. ಚಿಕ್ಕ ದೇಶಗಳಿಗೆ ಮೂರಂಕಿ, ನೇಪಾಳಕ್ಕೆ 977, ಮಾಲ್ಡೀವ್ಸಿಗೆ 960. ಕರಾವಳಿಯ ಎಷ್ಟೋ ಮನೆಗಳ ಅಮ್ಮಂದಿರಿಗೆ ಪಕ್ಕದ ಜಿಲ್ಲೆಯ ಕೋಡು ಗೊತ್ತಿಲ್ಲದಿದ್ದರೂ ದುಬೈಯ 971, ಸೌದಿಯ 966, ಒಮಾನಿನ 968 ಗೊತ್ತಿತ್ತು. ಮಗ ಇರುವ ಕಡೆಯ ಅಂಕಿ ಅದು. ಕುಂದಾಪುರ, ಉಡುಪಿ, ಮಂಗಳೂರುಗಳ ಫೋನ್ ಬೂತುಗಳಲ್ಲಿ ಹೊರದೇಶದ ಕರೆಯನ್ನು ಸೂಚಿಸುವ ಐಎಸ್‌ಡಿ ಎಂಬ ಮೂರಕ್ಷರಕ್ಕೆ ಒಳನಾಡಿನಲ್ಲಿ ಇಲ್ಲದ ತೂಕವಿದ್ದದ್ದು ಇದರಿಂದಲೇ.

ಕೋಡು ಬರುವ ಮೊದಲಿನ ಕಾಲವನ್ನು ನನ್ನ ತಂದೆಯ ತಲೆಮಾರಿನವರ ಬಾಯಲ್ಲಿ ಕೇಳಬೇಕು. ಟ್ರಂಕ್ ಕಾಲ್ ಬುಕ್ ಮಾಡಿ, ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುವುದು. ಆರ್ಡಿನರಿ ಎಂದರೆ ಮಧ್ಯಾಹ್ನವೋ ಸಂಜೆಯೋ ಸಿಕ್ಕರೂ ಸಿಕ್ಕೀತು. ಅರ್ಜೆಂಟ್ ಎಂದರೆ ದುಡ್ಡು ಹೆಚ್ಚು, ಕಾಯುವುದು ಕಡಿಮೆ. ಲೈಟ್ನಿಂಗ್ ಕಾಲ್ ಎಂದರೆ ಉಳಿದೆಲ್ಲ ಕರೆಗಳನ್ನು ಪಕ್ಕಕ್ಕೆ ಸರಿಸಿ ಕೂಡಲೇ ಜೋಡಿಸಬೇಕು. ಅದರ ದರ ಕೇಳಿದರೇ ಜನ ಹಿಂದೆ ಸರಿಯುತ್ತಿದ್ದರು. ಮನೆಯಲ್ಲಿ ಯಾರಾದರೂ ಆ ಹೆಸರೆತ್ತಿದರೆ ಹೆಂಗಸರು ಒಲೆ ಆರಿಸಿ ಹೊರಗೆ ಬರುತ್ತಿದ್ದರಂತೆ, ಸಾವಿನ ಸುದ್ದಿಯೇ ಇರಬೇಕೆಂದು. ಇನ್ನೊಂದು ಪಿ.ಪಿ. ಕಾಲ್. ಇಂಥವರೇ ಸಿಗಬೇಕು ಎಂದು ಹೆಸರು ಹೇಳಿ ಬುಕ್ ಮಾಡುವುದು. ಅವರು ಸಿಕ್ಕ ಮೇಲೆಯೇ ಮಾತಿನ ಲೆಕ್ಕ ಶುರು. ಈ ಪಿ.ಪಿ. ಎನ್ನುವುದು ಆಮೇಲೆ ನಮ್ಮ ಜನರ ಕೈಯಲ್ಲಿ ಬೇರೆಯೇ ಬದುಕು ಕಂಡಿತು. ಸ್ವಂತ ಫೋನಿಲ್ಲದವರು ಪಕ್ಕದ ಮನೆಯ ಅಥವಾ ಎದುರಿನ ದಿನಸಿ ಅಂಗಡಿಯ ನಂಬರು ಕೊಟ್ಟು ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ಲಗ್ನಪತ್ರಿಕೆಯಲ್ಲೂ ಅದನ್ನು ಅಚ್ಚು ಹಾಕಿಸುತ್ತಿದ್ದರು. ಫೋನು ಬಂದರೆ ಅಂಗಡಿಯ ಹುಡುಗ ಓಡಿಬಂದು, "ಅಮ್ಮಾ, ಬೆಂಗಳೂರಿಂದ ನಿಮ್ಮ ತಮ್ಮ ಲೈನಲ್ಲಿದ್ದಾರೆ, ಬೇಗ ಬನ್ನಿ" ಎಂದು ಕೂಗುತ್ತಿದ್ದ. ಒಂದು ನಂಬರು ಇಡೀ ಕೇರಿಯದಾಗಿತ್ತು. ಅದನ್ನು ಕೊಡಲು ಅಂಗಡಿಯವರು ಒಂದು ಕಾಸು ಕೇಳಿದ್ದನ್ನು ನಾನು ಕಂಡಿಲ್ಲ.

ಆಪರೇಟರ್ ಇಲ್ಲದೆ ನಾವೇ ಇನ್ನೊಂದು ಊರಿಗೆ ಡಯಲ್ ಮಾಡುವ ಸೌಲಭ್ಯ ಈ ದೇಶಕ್ಕೆ ಬಂದದ್ದು 1960ರಲ್ಲಿ, ಕಾನಪುರ ಮತ್ತು ಲಖನೌ ನಡುವೆ. ಅಲ್ಲಿಂದ ನಮ್ಮ ತಾಲ್ಲೂಕುಗಳಿಗೆ ಅದು ತಲುಪಲು ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು. ತಂತಿ ಎಳೆಯುವುದರ ಜೊತೆಗೆ ಹಳ್ಳಿಯ ಬಿಸಿಲು, ದೂಳು, ಕೈಕೊಡುವ ಕರೆಂಟು ಇವುಗಳನ್ನು ತಡೆದುಕೊಳ್ಳುವ ಎಕ್ಸ್‌ಚೇಂಜು ಬೇಕಿತ್ತು. ಹೊರದೇಶದ ಯಂತ್ರಗಳಿಗೆ ಹವಾನಿಯಂತ್ರಿತ ಕೋಣೆಯಿಲ್ಲದೆ ಆಗುತ್ತಿರಲಿಲ್ಲ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಹುಟ್ಟಿತು. ಮೂವತ್ತಾರು ತಿಂಗಳು, ಮೂವತ್ತಾರು ಕೋಟಿ ರೂಪಾಯಿ ಎಂದು ಗುರಿ ಹಾಕಿಕೊಂಡು ನಮ್ಮದೇ ಹುಡುಗ ಹುಡುಗಿಯರು ದೆಹಲಿಯಲ್ಲೂ ಬೆಂಗಳೂರಿನಲ್ಲೂ ಕೂತು ಕೆಲಸ ಮಾಡಿದರು. ಅವರು ಮಾಡಿದ, 128 ಪೋರ್ಟುಗಳ, ಹವಾನಿಯಂತ್ರಣ ಬೇಡದ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ನಿಂತದ್ದು 1986ರ ಜುಲೈಯಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಕೋಟೆ ನೋಡಲು ಹೋಗುವ ಶಾಲಾ ಮಕ್ಕಳಿಗೆ ಇದನ್ನೂ ಹೇಳಬೇಕು. ದೇಶದ ಹಳ್ಳಿಗಳು ತಾವೇ ಡಯಲ್ ಮಾಡಿ ಮಾತಾಡಲು ಕಲಿತ ಕತೆಯಲ್ಲಿ ಆ ಊರಿಗೆ ಮೊದಲ ಸಾಲಿನ ಜಾಗವಿದೆ, ಮತ್ತು ಅದನ್ನು ಬಲ್ಲವರು ತೀರ ಕಡಿಮೆ.

ಆಮೇಲಿನದು ಹಳದಿ ಬೋರ್ಡಿನ ಕಾಲ. ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂದು ಕಪ್ಪಕ್ಷರದಲ್ಲಿ ಬರೆದ ಬೋರ್ಡು ಬಸ್ ಸ್ಟ್ಯಾಂಡಿನಲ್ಲಿ, ಆಸ್ಪತ್ರೆಯ ಎದುರು, ಕಾಲೇಜು ಹಾಸ್ಟೆಲಿನ ತಿರುವಿನಲ್ಲಿ. ಬೂತು ಮಂಜೂರು ಮಾಡುವಾಗ ಅಂಗವಿಕಲರಿಗೆ ಆದ್ಯತೆಯಿತ್ತು. ಗಾಲಿಕುರ್ಚಿಯಲ್ಲಿ ಕೂತು ಇಡೀ ಊರಿನ ಮಾತನ್ನು ಸಾಗಿಸಿ ಸಂಸಾರ ನಡೆಸಿದವರನ್ನು ನಾನು ಬಲ್ಲೆ. ಗಾಜಿನ ಬಾಗಿಲ ಪೆಟ್ಟಿಗೆಯೊಳಗೆ ಸೆಕೆ, ಕಣ್ಣಮುಂದೆ ಓಡುವ ಕೆಂಪು ಅಂಕಿಗಳು. ಅಂಕಿ ಓಡಿದಷ್ಟೂ ಮಾತು ಓಡುತ್ತಿತ್ತು. "ಸೊರಬಕ್ಕೆ ಒಂದು ಹಾಕಿಕೊಡಿ ಅಣ್ಣ" ಎಂದರೆ ಬೂತಿನವರು ಪುಸ್ತಕ ನೋಡದೆ ಕೋಡು ಒತ್ತುತ್ತಿದ್ದರು. ರಾಜ್ಯದ ಊರುಗಳೆಲ್ಲ ಅವರ ಬೆರಳ ತುದಿಯಲ್ಲಿದ್ದವು, ಹೇಳಿಕೊಟ್ಟವರು ಯಾರೂ ಇಲ್ಲ.

ಆಗ ರಾತ್ರಿ ಹನ್ನೊಂದರ ಮೇಲೆ ಕಾಲು ದರವಿತ್ತು. ಇದು ಎಷ್ಟು ಸಂಬಂಧಗಳನ್ನು ಉಳಿಸಿತು ಎಂದು ಲೆಕ್ಕ ಹಾಕಿದವರಿಲ್ಲ. ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಊಟ ಮುಗಿಸಿ, ಹನ್ನೊಂದು ಹೊಡೆಯುವುದನ್ನೇ ಕಾಯುತ್ತ ಬೂತಿನ ಮುಂದೆ ನಿಲ್ಲುತ್ತಿದ್ದರು. ಆ ಕಡೆ ಮಲೆನಾಡಿನ ಮನೆಯಲ್ಲಿ ಎಂಟಕ್ಕೇ ಮಲಗುವ ಅಪ್ಪ ಅಮ್ಮ ಅವತ್ತು ಎದ್ದು ಕೂತಿರುತ್ತಿದ್ದರು. ಆಮೇಲೆ 95 ಎಂಬ ಉಪಾಯ ಬಂತು: ಹತ್ತಿರದ ಊರುಗಳಿಗೆ ಸೊನ್ನೆಯ ಬದಲು 95 ಒತ್ತಿ ಕೋಡು ಹಾಕಿದರೆ ದರ ಕಡಿಮೆ. ಶಿವಮೊಗ್ಗದಿಂದ ಚಿಕ್ಕಮಗಳೂರಿಗೆ ಮಾತಾಡುವವರಿಗೆ ಅದು ದೊಡ್ಡ ಆಸರೆಯಾಗಿತ್ತು. ದೂರಕ್ಕೆ ದುಡ್ಡು ಕೊಡುವ ಪದ್ಧತಿಯೇ ಸಡಿಲವಾದ ಮೇಲೆ ಅದೂ ಮರೆಯಾಯಿತು.

ಎಲೆಕ್ಟ್ರಾನಿಕ್ ಎಕ್ಸ್‌ಚೇಂಜು ಬಂದಮೇಲೆ ಮನೆಯ ಫೋನಿಗೆ ಹೊಸ ವಿದ್ಯೆಗಳು ಬಂದವು. ಇವುಗಳ ಬಗ್ಗೆ ಯಾರೂ ಬರೆಯುವುದಿಲ್ಲ, ನಮ್ಮ ಮನೆಗಳಲ್ಲಿ ಮಾತ್ರ ಇವು ದಿನದಿನದ ಕೆಲಸಕ್ಕೆ ಒದಗಿದವು. ಒಂದು, ಫೋನಿನ ಬೀಗ. ಮೊದಲಿನ ಬೀಗವೆಂದರೆ ಡಯಲಿನ ತೂತಿಗೆ ಹಾಕುವ ಪುಟ್ಟ ಬೀಗ. ರಿಸೀವರ್ ಇಡುವ ಗುಂಡಿಯನ್ನೇ ಲೆಕ್ಕ ಹಿಡಿದು ತಟ್ಟಿದರೆ ಆ ಬೀಗಕ್ಕೂ ಜಗ್ಗದೆ ಕರೆ ಹೋಗುತ್ತಿತ್ತು, ಏಕೆಂದರೆ ತಂತಿಗೆ ಬೇಕಾದದ್ದು ಮಿಡಿತ ಮಾತ್ರ. ಹಾಸ್ಟೆಲ್ ಹುಡುಗರಿಗೆಲ್ಲ ಇದು ಗೊತ್ತಿತ್ತು. ಹೊಸ ಎಕ್ಸ್‌ಚೇಂಜಿನಲ್ಲಿ ಬೀಗವೇ ಅಂಕಿಯಾಯಿತು. ಗುಟ್ಟಿನ ನಾಲ್ಕಂಕಿ ಒತ್ತಿದರೆ ಎಸ್‌ಟಿಡಿ ಬಂದ್, ಮತ್ತೆ ಒತ್ತಿದರೆ ಚಾಲೂ. ಬಿಲ್ಲಿನ ಜಗಳಗಳು ಎಷ್ಟೋ ಮನೆಗಳಲ್ಲಿ ಇದರಿಂದ ನಿಂತವು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಎಬ್ಬಿಸುವ ಕರೆ. ಏಳಬೇಕಾದ ಗಂಟೆ ನಿಮಿಷವನ್ನು ನಾಲ್ಕಂಕಿಯಲ್ಲಿ ಒತ್ತಿಟ್ಟು ಮಲಗಿದರೆ ಎಕ್ಸ್‌ಚೇಂಜು ತಾನೇ ಆ ಹೊತ್ತಿಗೆ ಗಂಟೆ ಬಾರಿಸುತ್ತಿತ್ತು. ಮೊದಲ ಬಸ್ಸಿಗೆ ಹೋಗುವವರು, ಪರೀಕ್ಷೆಯ ಮಕ್ಕಳು, ಔಷಧಿಯ ಹೊತ್ತು ತಪ್ಪಿಸಬಾರದ ರೋಗಿಗಳ ಮನೆಯವರು ಅದನ್ನು ನಂಬಿದರು. ಮೂವರು ಒಟ್ಟಿಗೆ ಮಾತಾಡುವ ಸೌಲಭ್ಯವೂ ಇತ್ತು. ಯುಗಾದಿಯ ದಿನ ಮೂರು ಊರಿನಲ್ಲಿದ್ದ ಅಕ್ಕತಂಗಿಯರನ್ನು ಒಂದೇ ಲೈನಿಗೆ ಸೇರಿಸಿದಾಗ, ಅವರು ಏನು ಮಾತಾಡಿದರೋ ಏನೋ, ಮೂವರೂ ಒಟ್ಟಿಗೇ ಮಾತಾಡಿದರು. ಅದರ ಬಿಲ್ಲು ಕಟ್ಟುವಾಗ ನನ್ನ ತಂದೆ ಗೊಣಗಲಿಲ್ಲ.

ಕರೆ ಮಾಡಿದವರ ನಂಬರು ತೋರಿಸುವ ಪುಟ್ಟ ಪೆಟ್ಟಿಗೆ ಬಂದಾಗ ಕೋಡಿಗೆ ಇನ್ನೊಂದು ಕೆಲಸ ಸಿಕ್ಕಿತು. "0824 ಅಂತ ಬಂತು, ಮಂಗಳೂರಿಂದ ಯಾರೋ" ಎಂದು ಅಡುಗೆಮನೆಗೆ ಸುದ್ದಿ ಮುಟ್ಟುತ್ತಿತ್ತು. ಎತ್ತುವ ಮೊದಲೇ ಊರು ಮನೆಯೊಳಗೆ ಬಂದಿರುತ್ತಿತ್ತು. ಆ ಹೊತ್ತಿಗೆ ನಂಬರುಗಳೂ ಉದ್ದವಾಗಿದ್ದವು. 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯಲ್ಲಿ ಸೊನ್ನೆ ಬಿಟ್ಟು ಕೋಡು ಮತ್ತು ಮನೆಯ ಸಂಖ್ಯೆ ಎರಡೂ ಸೇರಿ ಹತ್ತಂಕಿ ಎಂದು ನಿಗದಿಯಾಯಿತು. ಬೆಂಗಳೂರಿನ ಕೋಡು ಚಿಕ್ಕದು, ಮನೆ ಸಂಖ್ಯೆ ಎಂಟಂಕಿ. ಮೈಸೂರಿನ 0821ಕ್ಕೆ ಏಳಂಕಿ. ಶಿವಮೊಗ್ಗದಂಥ ಊರಿಗೆ ಆರಂಕಿ. ಹಳೆಯ ಸಂಖ್ಯೆಗಳ ಮುಂದೆ ಒಂದು 2 ಬಂದು ಕೂತದ್ದು ಆ ಸುಮಾರಿಗೇ. ಬೆಂಗಳೂರಿನ ಕೋಡು ಅದಕ್ಕೂ ಮೊದಲು 0812 ಆಗಿತ್ತು ಎಂಬುದನ್ನು ಈಗ ನೆನೆಸಿಕೊಳ್ಳುವವರೇ ಕಡಿಮೆ.

ಮೊಬೈಲು ಬಂದಾಗಲೂ ಶುರುವಿನಲ್ಲಿ ನಂಬರಿಗೆ ಒಂದು ನೆಲೆಯಿತ್ತು. 94480 ಎಂದರೆ ಕರ್ನಾಟಕದ ಬಿಎಸ್ಸೆನ್ನೆಲ್, 98450 ಎಂದರೆ ಬೆಂಗಳೂರಿನಲ್ಲಿ ಮೊದಮೊದಲು ಮೊಬೈಲು ಹಿಡಿದವರು. 2011ರ ಜನವರಿ 20ರಿಂದ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದಾಯಿತು. 2015ರ ಜುಲೈಯಿಂದ ರಾಜ್ಯ ಬದಲಿಸಿದರೂ ನಂಬರು ಬದಲಿಸಬೇಕಿಲ್ಲ ಎಂದಾಯಿತು. ಗ್ರಾಹಕರಿಗೆ ಇದು ನ್ಯಾಯವಾದ ಹಕ್ಕು, ಬರಬೇಕಾದದ್ದೇ. ಅಲ್ಲಿಗೆ ಅಂಕಿಯಲ್ಲಿದ್ದ ಕೊನೆಯ ವಿಳಾಸವೂ ಅಳಿಸಿತು. 2021ರ ಜನವರಿ 15ರಿಂದ ಮನೆಯ ಫೋನಿನಿಂದ ಯಾವ ಮೊಬೈಲಿಗೆ ಕರೆ ಮಾಡುವುದಿದ್ದರೂ ಮೊದಲು ಸೊನ್ನೆ ಒತ್ತಬೇಕು, ಅದು ಪಕ್ಕದ ಕೋಣೆಯಲ್ಲಿರುವ ಮೊಬೈಲೇ ಆಗಿರಲಿ. ಮುಂದೆ ಬೇಕಾಗುವ ಸಂಖ್ಯೆಗಳಿಗೆ ಜಾಗ ಮಾಡಲು ಈ ಏರ್ಪಾಡು. ಬೇರೆ ಊರಿಗೆ ಹೊರಟೆ ಎನ್ನುತ್ತಿದ್ದ ಸೊನ್ನೆಗೆ ಈಗ ಬೇರೆ ಕೆಲಸ. 2025ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಇನ್ನೊಂದು ಶಿಫಾರಸು ಕೊಟ್ಟಿದೆ: ಒಂದೇ ಊರಿನೊಳಗಿನ ಮನೆ ಫೋನುಗಳ ನಡುವೆಯೂ ಸೊನ್ನೆ, ಕೋಡು ಎಲ್ಲ ಸೇರಿಸಿಯೇ ಡಯಲ್ ಮಾಡಬೇಕೆಂದು. ಅದು ಜಾರಿಯಾದರೆ ಶಿವಮೊಗ್ಗದ ಗಾಂಧಿಬಜಾರಿನ ಅಂಗಡಿಯಿಂದ ದುರ್ಗಿಗುಡಿಯ ಮನೆಗೆ ಆರೇ ಅಂಕಿ ಸಾಕು ಎನ್ನುವ ಸಲಿಗೆಯೂ ಹೋಗುತ್ತದೆ. ಕೋಡು ಉಳಿದರೂ ಊರೊಳಗಿನವರು ಹೊರಗಿನವರು ಎಂಬ ಭೇದ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಹಳತನ್ನು ಹೊಗಳುವುದಕ್ಕಷ್ಟೇ ಅಲ್ಲ. ಆಗ ಕೋಡುಗಳು ನಮ್ಮ ಕೈಯಲ್ಲಿದ್ದವು, ಯಾವ ಅಂಕಿ ಒತ್ತಿದರೆ ಏನಾಗುತ್ತದೆ ಎಂದು ಅಜ್ಜಿಗೂ ಗೊತ್ತಿತ್ತು. ಈಗಲೂ ಫೋನಿನಲ್ಲಿ ಕೋಡುಗಳಿವೆ, ಹಿಂದಿಗಿಂತ ಹೆಚ್ಚೇ ಇವೆ. ಅವು ನಕ್ಷತ್ರ ಮತ್ತು ಹ್ಯಾಶ್ ಗುರುತುಗಳ ನಡುವೆ ಅಡಗಿ ಕೂತಿವೆ. *#06# ಒತ್ತಿದರೆ ಫೋನಿನ ಐಎಂಇಐ ಸಂಖ್ಯೆ ತೋರುತ್ತದೆ. ಫೋನು ಕಳೆದರೆ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಅದನ್ನು ನಿರ್ಬಂಧಿಸಲು ಬೇಕಾಗುವುದು ಆ ಸಂಖ್ಯೆಯೇ. *99# ಒತ್ತಿದರೆ ಇಂಟರ್ನೆಟ್ ಇಲ್ಲದ ಗುಂಡಿ ಫೋನಿನಲ್ಲೂ ಬ್ಯಾಂಕಿನ ವ್ಯವಹಾರ ಆಗುತ್ತದೆ, ಕನ್ನಡದಲ್ಲೂ ಆಗುತ್ತದೆ. *21* ಒತ್ತಿ ಒಂದು ಸಂಖ್ಯೆ ಹಾಕಿ ಹ್ಯಾಶ್ ಒತ್ತಿದರೆ ನಮಗೆ ಬರುವ ಎಲ್ಲ ಕರೆಗಳೂ ಆ ಸಂಖ್ಯೆಗೆ ತಿರುಗುತ್ತವೆ. ಊರಿಗೆ ಹೋಗುವ ಡಾಕ್ಟರು ತಮ್ಮ ಕರೆಗಳನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸಲು ಇದಕ್ಕಿಂತ ಒಳ್ಳೆಯ ಸೌಲಭ್ಯ ಯಾವುದಿದೆ?

ಕಳ್ಳರೂ ಇದನ್ನು ಬಲ್ಲರು. ನಮ್ಮ ಪರಿಚಯದ ನಿವೃತ್ತ ಮೇಷ್ಟರೊಬ್ಬರಿಗೆ ಕೊರಿಯರ್ ಹುಡುಗನೆಂದು ಒಬ್ಬ ಫೋನು ಮಾಡಿದ. "ಸರ್, ನಿಮ್ಮ ಪಾರ್ಸಲ್ ಬಂದಿದೆ, ವಿಳಾಸ ಸಿಗ್ತಾ ಇಲ್ಲ, ಈ ನಂಬರಿಗೆ ಡಯಲ್ ಮಾಡಿ, ನಮ್ಮ ಡೆಲಿವರಿಯವರು ಸಿಗ್ತಾರೆ" ಎಂದು *401*ರಿಂದ ಶುರುವಾಗುವ ಒಂದು ಸಂಖ್ಯೆ ಹೇಳಿದ. ಮೇಷ್ಟರು ಒತ್ತಿದರು. ಅವರ ಫೋನು ಕೆಟ್ಟಿರಲಿಲ್ಲ, ಸದ್ದು ಮಾಡಲಿಲ್ಲ ಅಷ್ಟೆ. ಅವರಿಗೆ ಬರಬೇಕಾದ ಕರೆಗಳೆಲ್ಲ ಅವನ ಕಿವಿಗೆ ಹೋಗತೊಡಗಿದವು. ಒಟಿಪಿಯನ್ನು ದನಿಯಲ್ಲಿ ಓದಿ ಹೇಳುವ ಕರೆಯೂ ಅವನಿಗೇ ಹೋಯಿತು. ಅವರ ವಾಟ್ಸಾಪು ಅವನ ವಶವಾಗಿ, ಅವರ ಹೆಸರಿನಲ್ಲಿ ಹಳೆಯ ವಿದ್ಯಾರ್ಥಿಗಳಿಗೆಲ್ಲ ದುಡ್ಡು ಕೇಳುವ ಸಂದೇಶ ಹೋಯಿತು. ಗುರುಗಳ ಕಷ್ಟವೆಂದು ಕೊಟ್ಟವರೂ ಇದ್ದರು. ದುಡ್ಡಿನ ನಷ್ಟಕ್ಕಿಂತ ಅದು ಮೇಷ್ಟರನ್ನು ಹೆಚ್ಚು ಹಣ್ಣು ಮಾಡಿತು.

ಇಂಥ ಮೋಸ ಹೆಚ್ಚಿದ್ದರಿಂದ ದೂರಸಂಪರ್ಕ ಇಲಾಖೆ 2024ರ ಏಪ್ರಿಲ್ 15ರಿಂದ *401#ರಂಥ ಯುಎಸ್‌ಎಸ್‌ಡಿ ಕರೆ ತಿರುವಿನ ಸೇವೆಯನ್ನು ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಆದೇಶವೊಂದೇ ಮನೆಯ ಹಿರಿಯರನ್ನು ಕಾಯಲಾರದು, ಕಾಯುವುದು ತಿಳಿವಳಿಕೆ. ಹಿಂದೆ ಡೈರೆಕ್ಟರಿಯ ಮೊದಲ ಪುಟಗಳಲ್ಲೇ ಯಾವ ಸೇವೆಗೆ ಯಾವ ಅಂಕಿ, ಒತ್ತುವುದು ಹೇಗೆ, ರದ್ದು ಮಾಡುವುದು ಹೇಗೆ ಎಂದು ಅಚ್ಚಾಗಿರುತ್ತಿತ್ತು. ವಿಚಾರಣೆಗೆ 197, ದೂರಿಗೆ 198 ಎಂದು ಎಲ್ಲರಿಗೂ ಗೊತ್ತಿತ್ತು. ಈಗ ಸಿಮ್ ಕೊಳ್ಳುವಾಗ ಒಂದು ಚೀಟಿಯನ್ನೂ ಕೊಡುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರದ ಒಂದು ಪುಟವನ್ನು ಪ್ರತಿ ಸಿಮ್ಮಿನ ಜೊತೆ ಕೊಡುವುದು ಕಡ್ಡಾಯವಾಗಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಲ್ಲಿಯವರೆಗೆ ಆ ಕೆಲಸ ನಮ್ಮದು. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಮೊಬೈಲು ಕೈಗೆ ತೆಗೆದುಕೊಂಡು *#21# ಒತ್ತಿ ನೋಡಿ. ಅವರ ಕರೆಗಳೆಲ್ಲ ಬೇರೆ ಯಾವ ಸಂಖ್ಯೆಗಾದರೂ ತಿರುಗಿವೆಯೇ ಎಂದು ಅದು ಹೇಳುತ್ತದೆ. ಅನುಮಾನ ಬಂದರೆ ##002# ಒತ್ತಿ, ಇರುವ ತಿರುವುಗಳೆಲ್ಲ ರದ್ದಾಗುತ್ತವೆ. ಗುರುತಿಲ್ಲದವರು ಹೇಳಿಕೊಟ್ಟ ನಕ್ಷತ್ರ, ಹ್ಯಾಶ್ ಇರುವ ಯಾವ ಅಂಕಿಯನ್ನೂ ಒತ್ತಬಾರದೆಂದು ಅವರಿಗೆ ಬಿಡಿಸಿ ಹೇಳಿ, ಅವಸರ ಮಾಡದೆ ಹೇಳಿ. ಆಮೇಲೆ ಒಂದು ಕಾಗದದಲ್ಲಿ ದಪ್ಪ ಅಂಕಿಗಳಲ್ಲಿ ತುರ್ತಿಗೆ 112, ಆಂಬುಲೆನ್ಸಿಗೆ 108, ಸೈಬರ್ ಮೋಸಕ್ಕೆ 1930, ಅದರ ಕೆಳಗೆ ಮಕ್ಕಳ ನಂಬರು, ಪಕ್ಕದ ಮನೆಯವರ ನಂಬರು ಬರೆದು ಗೋಡೆಗೆ ಅಂಟಿಸಿ. ಮನೆಯಲ್ಲಿ ಲ್ಯಾಂಡ್‌ಲೈನು ಇನ್ನೂ ಇದ್ದರೆ ಅದರ ಸಂಖ್ಯೆಯನ್ನೂ ಎಸ್‌ಟಿಡಿ ಕೋಡಿನ ಸಮೇತ ಬರೆಯಿರಿ.